ಹಳದಿ ಅಂಗಿ ಮತ್ತು ಖಾಲಿ ಲಕೋಟೆ

ಮಾನ್ಯರೇ,

ಫ್ರಾನ್ಸಿನಲ್ಲಿ ದಿನಕ್ಕೊಂದು ಹಂತದಂತೆ ಮೂರು ವಾರ ನಡೆಯುವ ಸೈಕಲ್ ಓಟ ಟೂರ್ ಡಿ ಫ್ರಾನ್ಸ್ ಸುದ್ದಿಯ ಜೊತೆ ನಿಮ್ಮ ಕ್ರೀಡಾಪುಟದಲ್ಲಿ ಬಂದ ಚಿತ್ರದ ಅಡಿಬರಹವು ಹಳದಿ ಅಂಗಿ ತೊಟ್ಟ ಸವಾರನನ್ನು ಆ ದಿನದ ಹಂತ ಗೆದ್ದವನೆಂದು ಹೇಳಿತ್ತು. ಅದು ತಪ್ಪು. ಹಳದಿ ಅಂಗಿ ಸಿಗುವುದು ಅಲ್ಲಿಯವರೆಗಿನ ಎಲ್ಲ ಹಂತಗಳ ಸಮಯ ಕೂಡಿಸಿದಾಗ ಅತಿ ಕಡಿಮೆ ಹೊತ್ತು ತೆಗೆದುಕೊಂಡವನಿಗೆ. 1990ರಲ್ಲಿ ಅಮೆರಿಕದ ಸವಾರ ಗ್ರೆಗ್ ಲೆಮಾಂಡ್ ಒಂದೇ ಒಂದು ಹಂತವನ್ನೂ ಗೆಲ್ಲದೆ ಇಡೀ ಟೂರ್ ಗೆದ್ದರು. ವೇಗದ ಓಟಗಾರರ ಅಂಕಗಳಿಗೆ ಹಸಿರು, ಬೆಟ್ಟ ಹತ್ತುವವರಿಗೆ ಕೆಂಪು ಚುಕ್ಕಿ, ಕಿರಿಯರಿಗೆ ಬಿಳಿ. ಇಷ್ಟು ತಿಳಿದಿದ್ದರೆ ಸಾಕು.

ದಾವಣಗೆರೆಯಲ್ಲಿ ಹತ್ತಿ ಗಿರಣಿಗಳ ಸೈರನ್ ಕೇಳುತ್ತಿದ್ದ ಕಾಲದಲ್ಲಿ ನನ್ನ ತಂದೆ ಇಟ್ಟ ಸೈಕಲ್ ಶಾಪನ್ನು ಈಗ ನಾನು ನಡೆಸುತ್ತಿದ್ದೇನೆ. ಹೀಗಾಗಿ ಈ ಅಂಗಿಯನ್ನು ಮೊದಲು ತೊಟ್ಟ ಫ್ರೆಂಚ್ ಸವಾರ ಯೂಜೀನ್ ಕ್ರಿಸ್ಟೋಫ್ ಎಂದರೆ ನನಗೆ ನಮ್ಮವನೇ ಎಂಬ ಭಾವ. 1913ರ ಟೂರ್‌ನಲ್ಲಿ ಫ್ರಾನ್ಸಿನ ಟೂರ್ಮಲೆ ಬೆಟ್ಟದಲ್ಲಿ ಅವನ ಸೈಕಲ್ಲಿನ ಮುಂದಿನ ಚಕ್ರ ಹಿಡಿದಿಡುವ ಫೋರ್ಕ್ ಮುರಿಯಿತು. ಸೈಕಲ್ ಹೊತ್ತುಕೊಂಡು ಕೆಳಗಿನ ಹಳ್ಳಿಯವರೆಗೆ ನಡೆದು, ಕಮ್ಮಾರನ ಕುಲುಮೆಯಲ್ಲಿ ತಾನೇ ಕಾಯಿಸಿ ಬಡಿದು ಸರಿಮಾಡಿಕೊಂಡ. ಬೇರೆಯವರ ಸಹಾಯ ಪಡೆಯಬಾರದೆಂಬುದು ಆಗಿನ ನಿಯಮ. ಒಬ್ಬ ಹುಡುಗ ತಿದಿ ಒತ್ತಿದ ಎಂಬ ಕಾರಣಕ್ಕೆ ಅವನಿಗೆ ದಂಡವಾಗಿ ಹೆಚ್ಚುವರಿ ನಿಮಿಷಗಳನ್ನು ಹಾಕಿದರು! ಫೋರ್ಕ್ ಬೆಸೆಯುವಾಗ ತಿದಿಯ ಮುಂದೆ ಇನ್ನೊಬ್ಬರು ಬೇಕೇ ಬೇಕು. ನಿಯಮ ಬರೆದವರು ಕುಲುಮೆ ಕಂಡಿರಲಿಲ್ಲವೆಂದು ಕಾಣುತ್ತದೆ. ಆರು ವರ್ಷಗಳ ನಂತರ, 1919ರಲ್ಲಿ, ಅದೇ ಕ್ರಿಸ್ಟೋಫ್‌ಗೆ ಹಳದಿ ಅಂಗಿ ಬಂತು.

ಸಂಪಾದಕರೇ, ಆ ಓಟವನ್ನು 1903ರಲ್ಲಿ ಶುರು ಮಾಡಿದ್ದು ಒಂದು ಪತ್ರಿಕೆ. ಲೋಟೋ ಎಂಬ ಆ ಪತ್ರಿಕೆ ಹಳದಿ ಕಾಗದದಲ್ಲಿ ಅಚ್ಚಾಗುತ್ತಿದ್ದುದರಿಂದಲೇ ಅಂಗಿಯೂ ಹಳದಿ ಎನ್ನುತ್ತಾರೆ. ಇಟಲಿಯ ಓಟದ ಗುಲಾಬಿ ಅಂಗಿಯೂ ಹಾಗೆಯೇ, ಗುಲಾಬಿ ಕಾಗದದ ಗಜೆಟ್ಟಾ ಪತ್ರಿಕೆಯಿಂದ ಬಂದದ್ದು. ಅಂದರೆ ಈ ವಿಷಯ ನಿಮ್ಮ ಕಸುಬಿಗೂ ಸೇರಿದ್ದು. ಅದಕ್ಕೇ ಬರೆಯುತ್ತಿದ್ದೇನೆ.

ಕಳೆದ ವರ್ಷ ಭರಮಸಾಗರದ ಕಡೆ ಹಳ್ಳಿ ರಸ್ತೆಯಲ್ಲಿ ಹುಡುಗರ ಸೈಕಲ್ ಓಟವಿತ್ತು. ಪಂಕ್ಚರ್ ಹಾಕಲು ನಾನೂ ಸಾಮಾನು ಕಟ್ಟಿಕೊಂಡು ಹೋಗಿದ್ದೆ. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ಸುಮ್ಮನೆ ನೆಟ್ಟಿಲ್ಲ; ಆ ಎದುರುಗಾಳಿಯಲ್ಲಿ ಒಬ್ಬ ಹುಡುಗ ಉದ್ದಕ್ಕೂ ಮುಂದೆ ತುಳಿದು, ಹಿಂದಿದ್ದ ಗೆಳೆಯನಿಗೆ ಗಾಳಿ ತಗಲದಂತೆ ಅಡ್ಡವಾದ. ಗೆದ್ದದ್ದು ಆ ಗೆಳೆಯ. ವೇದಿಕೆಯಲ್ಲಿ ನಾಲ್ಕು ಭಾಷಣ, ಒಂದು ಶಾಲು, ಒಂದು ಲಕೋಟೆ, ಫೋಟೊ. ಲಕೋಟೆ ಖಾಲಿ. ಐದು ಸಾವಿರ ರೂಪಾಯಿ ಆಮೇಲೆ ಕೊಡುತ್ತೇವೆ ಎಂದವರು ಇಂದಿಗೂ ಕೊಟ್ಟಿಲ್ಲ. ಆಯೋಜಕರ ಹೆಸರು ಬರೆಯುವುದಿಲ್ಲ, ಅವರಿಗೇ ಗೊತ್ತಿದೆ.

ಟೂರ್ ಗೆದ್ದವನ ಬಹುಮಾನ 5 ಲಕ್ಷ ಯೂರೊ. ಈಗಿನ ರೂಪದಲ್ಲಿ 2022ರಲ್ಲಿ ಶುರುವಾದ ಮಹಿಳೆಯರ ಟೂರ್‌ನಲ್ಲಿ ಗೆದ್ದವರಿಗೆ 50 ಸಾವಿರ. ಆ ಲೆಕ್ಕವೂ ನನಗೆ ಹಿಡಿಸಿಲ್ಲ, ಅದು ಬೇರೆ ಮಾತು. ಆದರೆ ಗೆದ್ದವನು ಆ ಹಣವನ್ನು ಜೊತೆಗಾರರಿಗೂ ಸಿಬ್ಬಂದಿಗೂ ಹಂಚುವುದು ಅಲ್ಲಿನ ವಾಡಿಕೆ. ಇಲ್ಲಿ ಗೆದ್ದ ನಮ್ಮ ಹುಡುಗನಿಗೆ ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಆದರೂ ಬಹುಮಾನ ಬರುವ ಮೊದಲೇ ಗಾಳಿಗೆ ಅಡ್ಡವಾದ ಗೆಳೆಯನಿಗೆ ಅರ್ಧ ಎಂದು ಮಾತು ಕೊಟ್ಟಿದ್ದ. ಈಗ ಅವನ ಮುಖ ನೋಡಲು ನಾಚಿಕೆ ಎಂದು ನನ್ನ ಅಂಗಡಿಗೆ ಹಿಂದಿನ ರಸ್ತೆಯಿಂದ ಬರುತ್ತಾನೆ.

ಈ ಸಲದ ಓಟಕ್ಕೆ ನಿಮ್ಮ ಪತ್ರಿಕೆಯಿಂದ ಒಂದು ಅಂಗಿ ಕೊಡಿ. ನಿಮ್ಮ ಕಾಗದದ ಬಣ್ಣ ಬೇಡ, ನಮ್ಮ ಧೂಳಿಗೆ ಬಿಳಿ ಬಟ್ಟೆ ಒಂದು ದಿನವೂ ಬಾಳದು. ಹೊಲಿಗೆಯ ಕೂಲಿ ನನ್ನದು, ಪಕ್ಕದ ಅಂಗಡಿಯ ದರ್ಜಿ ಒಪ್ಪಿದ್ದಾರೆ. ಹಣವನ್ನು ಓಟಕ್ಕೆ ಮೊದಲೇ ಬ್ಯಾಂಕಿನಲ್ಲಿ ಇಟ್ಟವರಿಗೆ ಮಾತ್ರ ಓಟದ ಸುದ್ದಿ ಹಾಕುತ್ತೇವೆ ಎಂದು ನೀವು ಒಂದು ಸಾಲು ಪ್ರಕಟಿಸಿದರೆ ಉಳಿದದ್ದು ತಾನಾಗಿ ನಡೆಯುತ್ತದೆ.

– ಒಬ್ಬ ಸೈಕಲ್ ಶಾಪಿನವ, ದಾವಣಗೆರೆ