ಮಗಳಿಗೊಂದು ಪತ್ರ: ಪಾಲುಪಟ್ಟಿಯಲ್ಲಿ ಇಲ್ಲದ ಕಾರು

ಶಿರಸಿ

ಪ್ರೀತಿಯ ಕೂಸೇ,

“ಆಯಿ, ಆ ತುಕ್ಕು ಡಬ್ಬಿಗೆ ಹಾಕಿದ ದುಡ್ಡಲ್ಲಿ ಒಂದು ಸ್ಕೂಟಿ ಬತ್ತಿತ್ತು” ಅಂತ ಅಜ್ಜನ ಹಳೆ ಕಾರಿನ ಬಗ್ಗೆ ಮೊನ್ನೆ ಫೋನಿನಲ್ಲಿ ನಕ್ಕೆಯಲ್ಲ, ಆ ಲೆಕ್ಕ ಸರಿಯೇ ಇದೆ. ನಿನ್ನ ಅಪ್ಪನೂ ಅದನ್ನೇ ಹೇಳಿದರು. ಆದರೆ “ಮಾವಂಗೇ ಬ್ಯಾಡದ್ದು ನಿಂಗೆ ಎಂತಕ್ಕೆ?” ಅಂದೆ ನೋಡು, ಅದಕ್ಕೆ ನಿಂತ ನಿಲುವಿನಲ್ಲಿ ಉತ್ತರ ಕೊಡಲು ಆಗಲಿಲ್ಲ. ಒಲೆಯ ಮೇಲೆ ಹಾಲಿತ್ತು, ಫೋನ್ ಇಟ್ಟೆ. ಈಗ ಕೂತು ಬರೆಯುತ್ತಿದ್ದೇನೆ.

ಇದನ್ನು ಶುರು ಮಾಡಿದವಳು ನೀನೇ, ಮರೆಯಬೇಡ. 2023ರ ಅಕ್ಟೋಬರಿನಲ್ಲಿ ಮುಂಬೈಯ ಕೊನೆಯ ಪ್ರೀಮಿಯರ್ ಪದ್ಮಿನಿ ಟ್ಯಾಕ್ಸಿ ರಸ್ತೆಯಿಂದ ಇಳಿದ ಸುದ್ದಿಯನ್ನು ಮನೆಯ ಗ್ರೂಪಿಗೆ ಹಾಕಿ, “ಅಜ್ಜನ ಕಾರು ಇಂಥದ್ದೇ ಅಲ್ದಾ? ಈಗ ಎಲ್ಲಿದ್ದು?” ಅಂತ ಕೇಳಿದ್ದೆ. ಇಪ್ಪತ್ತಮೂರು ಜನರಿರುವ ಗ್ರೂಪು. ಬೆಳಗಾದರೆ ಗುಡ್ ಮಾರ್ನಿಂಗ್ ಹೂವು ಸುರಿಯುವವರು ಯಾರೂ ಉತ್ತರ ಕೊಡಲಿಲ್ಲ. ರಾತ್ರಿ ಅಣ್ಣನಿಗೆ ಫೋನ್ ಮಾಡಿದೆ. “ಯಂಗೆ ಗೊತ್ತಿಲ್ಲೆ ತಂಗಿ, ನಿಂಗಳ ಮನೇಲಿ ಇದ್ದು ಅಂದ್ಕಂಡಿದ್ದಿ” ಅಂದ. ನಾನು ಇಷ್ಟು ವರ್ಷ ಅವನೇ ಮಾರಿದ್ದಾನೆ ಅಂದುಕೊಂಡಿದ್ದೆ. ಒಂದು ಕಾರು, ಸೂಜಿಯಲ್ಲ ದಾರವಲ್ಲ, ಹೀಗೆ ಕಳೆದುಹೋಗಿತ್ತು.

ಅದು ಪದ್ಮಿನಿಯಲ್ಲ, ಪದ್ಮಿನಿಯ ಅಕ್ಕ. ಕುರ್ಲಾದ ಕಾರ್ಖಾನೆಯಲ್ಲಿ ಫಿಯಟ್ ಹೆಸರಿನಲ್ಲೇ ತಯಾರಾದ 1100 ಡಿಲೈಟ್, 1968ರದ್ದು. ಪದ್ಮಿನಿ ಎಂಬ ಹೆಸರು ಬಂದದ್ದು 1974ರಲ್ಲಿ. ಹೊಸ ಕಾರು ಬೇಕೆಂದರೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕಾದ ಕಾಲ. ಅಪ್ಪಯ್ಯ ಒಂದು ವರ್ಷದ ಅಡಕೆ ಹುಟ್ಟುವಳಿಯನ್ನೆಲ್ಲ ಹಾಕಿ ಹುಬ್ಬಳ್ಳಿಯಲ್ಲಿ ಎರಡನೇ ಕೈಯಿಂದ ಕೊಂಡರು. ನಮ್ಮ ರಾಜ್ಯಕ್ಕೆ ಇನ್ನೂ ಮೈಸೂರು ಎಂದೇ ಹೆಸರಿದ್ದಾಗಿನ ಗಾಡಿಯಾದ್ದರಿಂದ ನಂಬರು ಎಂವೈಯಿಂದ ಶುರು. ಗೇರು ಸ್ಟೇರಿಂಗಿನ ಪಕ್ಕದಲ್ಲಿ. ದೇವಿಮನೆ ಘಟ್ಟ ಹತ್ತುವಾಗ ನೀರು ಕುದಿಯುತ್ತಿತ್ತು. ಮೇಲೆ ಗುಡಿಯ ಹತ್ತಿರ ನಿಲ್ಲಿಸಿ, ದೇವಿಗೊಂದು ನಮಸ್ಕಾರ, ರೇಡಿಯೇಟರಿಗೊಂದು ತಂಬಿಗೆ ನೀರು.

ನನಗೆ ಹತ್ತೊಂಬತ್ತು ತುಂಬಿದ ವರ್ಷ, ಕೊಯ್ಲು ಮುಗಿದ ಮೇಲೆ, ಮನೆಯ ಹಿಂದಿನ ಹುಲ್ಲಿನ ಬೇಣದಲ್ಲಿ ಅಪ್ಪಯ್ಯ ನನಗೆ ಕಾರು ಕಲಿಸಿದರು. ಅಣ್ಣನಿಗಲ್ಲ, ಅವನಿಗೆ ಆಗಲೇ ಬುಲೆಟ್ಟಿನ ಹುಚ್ಚು. ಕಾಲು ಎಟುಕುತ್ತಿರಲಿಲ್ಲ, ಬೆನ್ನಿಗೆ ಗೋಣಿಚೀಲ ಮಡಚಿ ಇಡುತ್ತಿದ್ದರು. ಮೂರನೇ ದಿನ ಹಿಂದೆ ತೆಗೆಯಲು ಹೋಗಿ ಕಾಟುಮಾವಿನ ಮರಕ್ಕೆ ಗುದ್ದಿದೆ. ಹಿಂದಿನ ಎಡಗಡೆ ದೀಪದ ಗಾಜು ಚೂರಾಯಿತು. ಬೈಗುಳಕ್ಕೆ ಕಾದು ಕೂತಿದ್ದೆ. ಅವರು ಇಳಿದು, ಮೊದಲು ಮರ ನೋಡಿದರು, ಆಮೇಲೆ ಕಾರು ನೋಡಿದರು. ಮಾರನೇ ದಿನ ಕೆಂಪು ಪ್ಲಾಸ್ಟಿಕ್ ಡಬ್ಬಿಯೊಂದನ್ನು ಕತ್ತರಿಸಿ, ತಂತಿ ಬಿಗಿದು ದೀಪ ಮುಚ್ಚಿದರು. ಮುಂದಿನ ವೈಶಾಖದಲ್ಲಿ ನನ್ನ ಮದುವೆಯಾಯಿತು. ಆಮೇಲೆ ನಾನು ಸ್ಟೇರಿಂಗ್ ಮುಟ್ಟಲಿಲ್ಲ.

ನೀನು ನಾಲ್ಕನೇ ಇಯತ್ತೆಯಲ್ಲಿದ್ದಾಗ ಅಜ್ಜ ಹೋದದ್ದು. ಮನೆಯ ಯಜಮಾನ ಸತ್ತರೆ ನಮ್ಮಲ್ಲಿ ತಿಥಿಗಳ ಲೆಕ್ಕ ತಪ್ಪುವುದಿಲ್ಲ: ಹನ್ನೊಂದು, ಹನ್ನೆರಡು, ಮಾಸಿಕ, ವರ್ಷಾಂತಿಕ. ಕೇಂದ್ರ ಮೋಟಾರು ವಾಹನ ನಿಯಮದಲ್ಲೂ ಅಂಥದ್ದೊಂದು ಲೆಕ್ಕವಿದೆ ಅಂತ ನನಗೆ ಗೊತ್ತಾದದ್ದು ಈಗ. ಮಾಲೀಕ ತೀರಿದ 30 ದಿನದೊಳಗೆ ವಾಹನ ನೋಂದಣಿ ಕಚೇರಿಗೆ ತಿಳಿಸಬೇಕು, 3 ತಿಂಗಳೊಳಗೆ ವಾರಸುದಾರರು ಫಾರ್ಮ್ 31 ಕೊಟ್ಟು ಹೆಸರು ಬದಲಿಸಿಕೊಳ್ಳಬೇಕು. ಈ ಮಾಸಿಕ ಯಾವ ಭಟ್ಟರ ಪಂಚಾಂಗದಲ್ಲೂ ಇರಲಿಲ್ಲ.

ಆಮೇಲೆ ಹಿಸ್ಸೆಯಾಯಿತು. ತೋಟ, ಗದ್ದೆ, ಬೆಟ್ಟ, ಮನೆ. ಬಚ್ಚಲಿನ ತಾಮ್ರದ ಹಂಡೆ ಕೂಡ ಪಾಲುಪಟ್ಟಿಯಲ್ಲಿತ್ತು, ತೂಕದ ಸಮೇತ. ನಾನು ಹಕ್ಕುಬಿಡುಗಡೆ ಪತ್ರಕ್ಕೆ ಸಹಿ ಹಾಕಿದೆ. ಯಾರೂ ಒತ್ತಾಯಿಸಲಿಲ್ಲ. ಕೇಳಲೂ ಇಲ್ಲ, ಪೆನ್ನು ಕೊಟ್ಟರು. ತವರಿನ ಬಾಗಿಲು ತೆರೆದಿರಲಿ ಎಂದು ಹೆಣ್ಣುಮಕ್ಕಳು ಹಾಕುವ ಸಹಿ ಅದು. ಮೊನ್ನೆ ಆ ಪತ್ರವನ್ನು ಟ್ರಂಕಿನಿಂದ ತೆಗೆದು ಎರಡೆರಡು ಸಲ ಓದಿದೆ. ಸರ್ವೆ ನಂಬರುಗಳೆಲ್ಲ ಇವೆ, ಹಂಡೆ ಇದೆ, ಕಾರು ಇಲ್ಲ. ಪಟ್ಟಿಯಲ್ಲಿ ಇಲ್ಲದ್ದನ್ನು ನಾನು ಬಿಟ್ಟುಕೊಟ್ಟೂ ಇಲ್ಲ. ನಿನ್ನ ‘ಎಂತಕ್ಕೆ’ಗೆ ನನ್ನ ಉತ್ತರ ಇಷ್ಟೇ.

ಹುಡುಕಿದ ಕಥೆ ನೀನು ಅಂದುಕೊಂಡಷ್ಟು ರೋಚಕವಲ್ಲ. ಅಜ್ಜ ಪಂಚಾಂಗದ ಹಿಂದಿನ ಹಾಳೆಗಳಲ್ಲಿ ಖರ್ಚು ಬರೆಯುತ್ತಿದ್ದರಲ್ಲ, ಅವರ ಕೊನೆಯ ವರ್ಷದ ಪಂಚಾಂಗದಲ್ಲಿ “ಕುಮಟೆ, ಹೆಡ್ ಗ್ಯಾಸ್ಕೆಟ್, ಮುಂಗಡ 500” ಅಂತಿತ್ತು. ಘಟ್ಟದಲ್ಲಿ ಕುದಿದು ಕುದಿದು ಕಡೆಗೆ ಎಂಜಿನ್ನಿನ ಆ ಗ್ಯಾಸ್ಕೆಟ್ ಸುಟ್ಟಿರಬೇಕು. ಕುಮಟೆಗೆ ಹೋದರೆ ಆ ಗ್ಯಾರೇಜೂ ಇಲ್ಲ, ಮೇಸ್ತ್ರಿಯೂ ಇಲ್ಲ. ಹೆದ್ದಾರಿ ಅಗಲ ಮಾಡುವಾಗ ಗ್ಯಾರೇಜು ಹೋಯಿತಂತೆ, ಮೇಸ್ತ್ರಿ ಅದಕ್ಕೂ ಮೊದಲೇ ಹೋಗಿದ್ದ. ಪಕ್ಕದ ಚಾ ಅಂಗಡಿಯವರು ಅವನ ಮಗನ ನಂಬರು ಕೊಟ್ಟರು. “ಹಸಿರು ಫಿಯಟ್ಟಾ? ಅದು ಅಂಕೋಲೆ ಕಡೆ ನನ್ನ ಹೆಂಡತಿ ಮನೆ ಹಿತ್ತಲಲ್ಲಿದೆ. ಯಾವಾಗ ಒಯ್ತೀರಿ ಅಮ್ಮಾ?” ಅಂದ ಆ ಹುಡುಗ, ನಿನ್ನೆ ಬಿಟ್ಟು ಹೋದವರನ್ನು ಕೇಳಿದ ಹಾಗೆ.

ಮಡಲು ಹೊದೆಸಿದ ಕೊಟ್ಟಿಗೆ. ಟಾಯರುಗಳು ಮಣ್ಣಿನಲ್ಲಿ ಕೂತುಬಿಟ್ಟಿದ್ದವು. ಹಿಂದಿನ ಸೀಟಿನ ತುಂಬ ಒಣಮೀನಿನ ಬುಟ್ಟಿಗಳು. ನಿನ್ನ ಮಾವ ಮೂಗಿಗೆ ಪಂಚೆಯ ಚುಂಗು ಹಿಡಿದು ತೆಂಗಿನ ಮರದ ಹತ್ತಿರವೇ ನಿಂತ. ಬಣ್ಣ ಎಲ್ಲಿತ್ತು, ತುಕ್ಕು ಎಲ್ಲಿತ್ತು ಗೊತ್ತಾಗದ ಹಾಗಿತ್ತು, ಇದು ನಮ್ಮದೇ ಅಂತ ಹೇಳುವುದು ಹೇಗೆ? ನಾನು ಸುತ್ತುಹಾಕಿ ಹಿಂದೆ ಹೋದೆ. ಎಡಗಡೆ ದೀಪಕ್ಕೆ ಕೆಂಪು ಪ್ಲಾಸ್ಟಿಕ್ ತುಂಡು. ಬಿಸಿಲಿಗೆ ಬಿಳಿಚಿ ನಸುಗೆಂಪಾಗಿತ್ತು, ತಂತಿ ಮಾತ್ರ ಗಟ್ಟಿ. ಅಪ್ಪಯ್ಯ ತಂತಿಯ ತುದಿಯನ್ನು ಯಾವಾಗಲೂ ಒಳಕ್ಕೆ ಮಡಚುತ್ತಿದ್ದರು, ಮಕ್ಕಳಿಗೆ ಚುಚ್ಚಬಾರದೆಂದು. ಹಾಗೇ ಇತ್ತು.

ಆದರೆ ತಂತಿಯ ಗಂಟು ಕಚೇರಿಗೆ ಸಾಕ್ಷಿಯಾಗುವುದಿಲ್ಲ. ಅಟ್ಟದಲ್ಲಿ ಸಿಕ್ಕಿದ ಆರ್‌ಸಿ ಪುಸ್ತಕದಲ್ಲಿ ಚಾಸಿ ನಂಬರಿನ ಕೊನೆಯ ಮೂರು ಅಂಕಿಗಳನ್ನು ಒರಲೆ ತಿಂದಿತ್ತು. ಮೇಸ್ತ್ರಿಯ ಮಗ ಬಾನೆಟ್ ಎತ್ತಿ, ಸೀಮೆಎಣ್ಣೆ ಬಟ್ಟೆಯಿಂದ ಒರೆಸಿ, ಸಣ್ಣ ಮರಳುಕಾಗದದಿಂದ ಮೆಲ್ಲಗೆ ತಿಕ್ಕಿದ. ಅದರ ಮೇಲೆ ತೆಳ್ಳನೆ ಕಾಗದ ಹಿಡಿದು ಪೆನ್ಸಿಲ್ ಅಡ್ಡ ಮಾಡಿ ಉಜ್ಜಿದಾಗ ಕಪ್ಪಿನ ನಡುವೆ ಬಿಳಿ ಅಂಕಿಗಳು ಒಂದೊಂದಾಗಿ ಎದ್ದವು. ಚಿಕ್ಕವಳಿದ್ದಾಗ ನೀನು ನಾಲ್ಕಾಣೆಯ ಮೇಲೆ ಕಾಗದ ಇಟ್ಟು ಮಾಡುತ್ತಿದ್ದೆಯಲ್ಲ, ಅದೇ. ನೋಂದಣಿ ಕಚೇರಿಯಿಂದ, ಗಾಡಿಯ ವಿವರ ಇರುವ ಬಿ ರಿಜಿಸ್ಟರಿನ ನಕಲು ತೆಗೆಸಿ ಪಕ್ಕದಲ್ಲಿ ಇಟ್ಟೆವು. ಮೂರೂ ಅಂಕಿ ಕೂಡಿದವು.

ಇಷ್ಟು ವರ್ಷ ಗುಜರಿಗೆ ಯಾಕೆ ಹಾಕಲಿಲ್ಲ ಅಂತ ಮೇಸ್ತ್ರಿಯ ಮಗನನ್ನು ಕೇಳಿದೆ. “ಪೇಪರಿಲ್ಲದ ಗಾಡಿ ಕೊಟ್ಟು ನಾಳೆ ಪೊಲೀಸರು ಬಂದರೆ?” ಅಂದ. ಅಪ್ಪನ ಕಾಲದ ಬಿಲ್ಲು 1,840 ರೂಪಾಯಿ, ಮುಂಗಡ ಕಳೆದು 1,340. ಜಾಗದ ಬಾಡಿಗೆ ಕೊಡಹೋದರೆ ತೆಗೆದುಕೊಳ್ಳಲಿಲ್ಲ. ಅವನ ಹೆಂಡತಿ ಮಾತ್ರ ಮುಖ ಸಣ್ಣ ಮಾಡಿ, “ಇನ್ನು ಮಳೆಗಾಲದಲ್ಲಿ ನಾನು ಮೀನು ಎಲ್ಲಿ ಇಡಲಿ?” ಅಂದಳು. ಅವಳಿಗೆ ಮುಚ್ಚಳವಿರುವ ಎರಡು ದೊಡ್ಡ ಡ್ರಮ್ಮು ಕೊಡಿಸಿ ಬಂದೆ.

ಕಾರು ಲಾರಿಯ ಮೇಲೆ ಘಟ್ಟ ಹತ್ತಿತು. ಈ ಸಲ ದೇವಿಮನೆಯಲ್ಲಿ ನೀರು ಬೇಕಾಗಿದ್ದು ನಿನ್ನ ಮಾವನಿಗೆ. ತವರಿನ ಅಂಗಳಕ್ಕೆ ತರಲು ಅತ್ತಿಗೆ ಒಪ್ಪಲಿಲ್ಲ. ಗೋಮೂತ್ರ, ಸೀಗೆಪುಡಿ, ಫಿನಾಯಿಲ್, ಮೂರಕ್ಕೂ ವಾಸನೆ ಬಗ್ಗಲಿಲ್ಲ. ಹಾಗಾಗಿ ಈಗ ನಮ್ಮ ಮನೆಯ ಮುಂದಿದೆ. ಮಳೆ ಬಂದರೆ ನಮ್ಮ ಜಗುಲಿಗೆ ಅಂಕೋಲೆ ಬರುತ್ತದೆ.

ನಾಡಕಚೇರಿಯಿಂದ ವಂಶವೃಕ್ಷ ತಂದಾಯಿತು. ಅಣ್ಣ ಬಾಂಡ್ ಪೇಪರಿನಲ್ಲಿ ಒಪ್ಪಿಗೆ ಬರೆದುಕೊಟ್ಟ. ಈ ಸಲ ಪೆನ್ನು ಕೊಟ್ಟವಳು ನಾನು. 50 ವರ್ಷ ದಾಟಿದ ಗಾಡಿಗಳಿಗೆ 2021ರಲ್ಲಿ ಬೇರೆ ನಿಯಮ ಬಂದಿದೆ. ವಿಂಟೇಜ್ ಎಂದು ನೋಂದಾಯಿಸಿದರೆ ಪ್ರದರ್ಶನ, ರ್‍ಯಾಲಿ, ಪೆಟ್ರೋಲು, ರಿಪೇರಿ ಇಂಥದ್ದಕ್ಕೆ ಮಾತ್ರ ರಸ್ತೆಗೆ ಇಳಿಸಬಹುದು. “ಮಾರಿಕಾಂಬೆ ಗುಡಿಗೆ ಹೋಗೋದು ಪ್ರದರ್ಶನವೋ ರಿಪೇರಿಯೋ?” ಅಂತ ನಿನ್ನ ಅಪ್ಪನ ತಲೆಹರಟೆ. ನಾನು ಮಾಮೂಲಿ ನೋಂದಣಿಯನ್ನೇ ನವೀಕರಿಸಲು ಹೊರಟಿದ್ದೇನೆ. ಅದಕ್ಕೆ ಗಾಡಿ ತಪಾಸಣೆಗೆ ನಿಲ್ಲಬೇಕು, ಪ್ಲಾಸ್ಟಿಕ್ ಡಬ್ಬಿಯ ದೀಪ ಅಲ್ಲಿ ನಡೆಯುವುದಿಲ್ಲ. ಲರ್ನರ್ ಲೈಸೆನ್ಸಿಗೂ ಅರ್ಜಿ ಹಾಕಿದ್ದೇನೆ, ಯಾರಿಗೂ ಹೇಳಬೇಡ.

ನಿನ್ನಿಂದ ಒಂದು ಕೆಲಸ ಆಗಬೇಕು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹಳೆ ಗಾಡಿಗಳ ಸಾಮಾನು ಸಿಗುತ್ತದಂತೆ. ಹಿಂದಿನ ಎಡಗಡೆ ದೀಪದ ಗಾಜು ಒಂದು ಬೇಕು. ಗುರುತಿಗೆ ಬಲಗಡೆಯದನ್ನು ಬಿಚ್ಚಿ, ನಿನ್ನ ಹಳೆಯ ಸ್ವೆಟರಿನಲ್ಲಿ ಸುತ್ತಿ ಇದರ ಜೊತೆಗೇ ಕಳಿಸುತ್ತಿದ್ದೇನೆ. ಅಂಗಡಿಯವರು ಪದ್ಮಿನಿಯದು ತೋರಿಸಿದರೆ ಪಕ್ಕದಲ್ಲಿ ಇಟ್ಟು ನೋಡಿಯೇ ತಗೋ. ಇದನ್ನು ಒಡೆಯಬೇಡ, ಇರುವುದು ಒಂದೇ.

ನಿನ್ನ
ಆಯಿ