ಮಳಖೇಡ ಎಂದರೆ ಸೊನ್ನೆ

ಸಂಪಾದಕರಿಗೆ ನಮಸ್ಕಾರ.

ನಾನು ಸೇಡಂ ತಾಲ್ಲೂಕಿನ ಹೈಸ್ಕೂಲೊಂದರಲ್ಲಿ ಸಮಾಜ ವಿಜ್ಞಾನ ಕಲಿಸಿ ನಿವೃತ್ತನಾದವನು. ಕಾಗಿಣಾ ದಂಡೆಯ ಮಳಖೇಡ ಕೋಟೆಯ ಬಗ್ಗೆ ಮಕ್ಕಳು ಓದುವಂಥ ಸಣ್ಣ ಪುಸ್ತಕ ಬರೆಯಬೇಕೆಂಬ ಹುಚ್ಚು ಹತ್ತಿದೆ. ಅದಕ್ಕೆಂದೇ ಹೋದ ತಿಂಗಳು ಕಲಬುರಗಿ ಬಸ್ಸು ಹತ್ತಿ ಒಂದು ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಹೋಗಿದ್ದೆ. ಯಾವುದು ಅನ್ನುವುದು ಬೇಡ. ಅಲ್ಲಿಯ ಸಿಬ್ಬಂದಿ ಕೂರಿಸಿ, ತಣ್ಣೀರು ಕೊಟ್ಟು ಮಾತಾಡಿಸಿದರು. ನಮ್ಮ ಬಿಸಿಲಲ್ಲಿ ಅದೇನು ಸಣ್ಣ ಉಪಕಾರವಲ್ಲ. ನನ್ನ ತಕರಾರು ಇರುವುದು ಅಲ್ಲಿನ ಒಪ್ಯಾಕ್ ಮೇಲೆ. ಅಂದರೆ ಪುಸ್ತಕ ಹುಡುಕುವ ಕಂಪ್ಯೂಟರ್ ಕ್ಯಾಟಲಾಗ್ ಮೇಲೆ.

ಇಂಗ್ಲಿಷಿನಲ್ಲಿ 'ಮಳಖೇಡ' ಎಂದು ಟೈಪ್ ಮಾಡಿದೆ. ಎರಡು ಪುಸ್ತಕ ಬಂದವು. ಅದರಲ್ಲೊಂದು ಸಿಮೆಂಟ್ ಉದ್ಯಮದ್ದು! ಮೊಬೈಲಿನಲ್ಲಿ ಅದೇ ಕ್ಯಾಟಲಾಗ್ ತೆರೆದು ಕನ್ನಡದಲ್ಲೇ ಹೊಡೆದೆ. ಸೊನ್ನೆ. ರಾಷ್ಟ್ರಕೂಟರ ರಾಜಧಾನಿ, ಅಮೋಘವರ್ಷ ನೃಪತುಂಗ ಆಳಿದ ಊರು. ಐವತ್ತು ಮೈಲಿಯೂ ದೂರ ಇಲ್ಲದ ಗ್ರಂಥಾಲಯದಲ್ಲಿ ಸೊನ್ನೆ!

ನನ್ನ ಮುಖ ನೋಡಿದ ಹಿರಿಯ ಅಟೆಂಡರ್ ಒಬ್ಬರು ಹತ್ತಿರ ಬಂದು, "ಕಂಪ್ಯೂಟರ್‌ನಾಗ ಹಂಗ ಸಿಗಂಗಿಲ್ರಿ ಸರ್. ಮಾನ್ಯಖೇಟ ಅಂತ ಹೊಡೀರಿ" ಅಂದರು. ಹೊಡೆದೆ. ಊರಿನ ಹಳೆ ಹೆಸರು ಅದು. ಒಂಬತ್ತು ಬಂದವು. ಆಮೇಲೆ ಅವರೇ ನನ್ನನ್ನು 954.87 ನಂಬರಿನ ರ‍್ಯಾಕಿಗೆ ಕರೆದುಕೊಂಡು ಹೋದರು. ಪುಸ್ತಕಗಳನ್ನು ವಿಷಯವಾರು ನಂಬರು ಕೊಟ್ಟು ಜೋಡಿಸುವ ಡ್ಯೂಯಿ ಪದ್ಧತಿಯಲ್ಲಿ ಕರ್ನಾಟಕದ ಇತಿಹಾಸ ಕೂರುವ ಜಾಗ ಅದು. ಧೂಳು ಕೊಡವುತ್ತ ನೋಡಿದರೆ ನನಗೆ ಬೇಕಾದದ್ದು ಇನ್ನೂ ನಾಲ್ಕು ಅಲ್ಲೇ ನಿಂತಿದ್ದವು. ಊರಿನ ಹೆಸರನ್ನು ಯಾರು ಹೇಗಾದರೂ ಬರೆಯಲಿ, ರ‍್ಯಾಕಿನ ನಂಬರು ಒಂದೇ ಇರುತ್ತದೆ ನೋಡಿ. ಕಂಪ್ಯೂಟರಿಗೆ ಮಾತ್ರ ಮಳಖೇಡ ಬೇರೆ ಊರು, ಮಾನ್ಯಖೇಟ ಬೇರೆ ಊರು.

ಇದು ನನ್ನೊಬ್ಬನ ಗೋಳಲ್ಲ. ಗುಲ್ಬರ್ಗ ಅಧಿಕೃತವಾಗಿ ಕಲಬುರಗಿ ಆಗಿದ್ದು 2014ರ ನವೆಂಬರ್ 1ರಂದು. ಹೈದರಾಬಾದ್ ಕರ್ನಾಟಕ ಕಲ್ಯಾಣ ಕರ್ನಾಟಕ ಆಗಿದ್ದು 2019ರಲ್ಲಿ. ಅದಕ್ಕೂ ಮುಂಚೆ ಬಂದ ಪುಸ್ತಕಗಳೆಲ್ಲ ಹಳೆ ಹೆಸರಿನಲ್ಲೇ ಮಲಗಿವೆ. ಪಕ್ಕದಲ್ಲಿ ಕೂತಿದ್ದ ಪಿಎಚ್.ಡಿ. ಹುಡುಗ 'ಕಲ್ಯಾಣ ಕರ್ನಾಟಕ' ಎಂದು ಹುಡುಕಿ, ಏನೂ ಜಾಸ್ತಿ ಸಿಗದೆ, "ಈ ವಿಷಯದಲ್ಲಿ ಹೆಚ್ಚು ಕೆಲಸ ಆಗಿಲ್ಲ" ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದ. ನಾಳೆ ಅದೇ ಸಾಲು ಪ್ರಬಂಧದಲ್ಲಿ ಅಚ್ಚಾಗುತ್ತದೆ, ಅಲ್ವಾ? ಈ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371ಜೆ ವಿಧಿಗಾಗಿ ನಡೆದ ಹೋರಾಟದ ಬಗ್ಗೆ ಎಷ್ಟು ಬರಹ ಇದೆಯೋ ಅದೆಲ್ಲ ಹಳೆ ಹೆಸರಿನ ಕೆಳಗೆ ಇರುವುದು ಆ ಹುಡುಗನಿಗೆ ಯಾರು ಹೇಳಬೇಕು? ಇನ್ನು ಇಂಗ್ಲಿಷಿನಲ್ಲಿ ಎರಡು ಅಕ್ಷರ ತಪ್ಪಿಸಿ 'ಕಲ್ಬುರ್ಗಿ' ಅಂತ ಹೊಡೆದರೆ ಊರು ಹೋಗಿ ಸಂಶೋಧಕ ಎಂ.ಎಂ. ಕಲಬುರ್ಗಿಯವರ ಪುಸ್ತಕಗಳು ಸಾಲಾಗಿ ಬರುತ್ತವೆ. ನಷ್ಟವೇನಿಲ್ಲ, ನಾನು ಅರ್ಧ ಗಂಟೆ ಅವನ್ನೇ ನೋಡುತ್ತ ಕೂತೆ.

ಕೆಲವು ಕನ್ನಡ ಪುಸ್ತಕಗಳ ಹೆಸರಂತೂ ಓದಲಿಕ್ಕೇ ಬರಲಿಲ್ಲ. ಇಂಗ್ಲಿಷಿನ ಪಿ, ಎ ಅಕ್ಷರಗಳು ತಲೆ ಮೇಲೆ ಗೀಟು ಹೊತ್ತುಕೊಂಡು ನಿಂತಿದ್ದವು. ಹಳೆ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಎಲ್ಲ ಕಂಪ್ಯೂಟರಿನಲ್ಲೂ ಓದಲು ಬರುವ ಯೂನಿಕೋಡಿಗೆ ಬದಲಿಸದೆ ಹಾಗೇ ಸುರಿದಿದ್ದಾರೆ. ಅದನ್ನು ಬದಲಿಸುವ ತಂತ್ರಾಂಶ ಪುಕ್ಕಟೆ ಸಿಗುತ್ತದೆ.

ನಾನು ಓದುವಾಗ ಕಾರ್ಡು ಕ್ಯಾಟಲಾಗ್ ಇತ್ತು. ಮರದ ಉದ್ದನೆಯ ಡ್ರಾಯರು, ಕಾರ್ಡುಗಳ ಕೆಳತೂತಿನಲ್ಲಿ ತೂರಿಸಿದ ಸರಳು, ಬೆರಳು ತಾಗಿ ತಾಗಿ ಕಪ್ಪಾದ ಅಂಚು. ಆ ಡ್ರಾಯರಿನಲ್ಲಿ ಪುಸ್ತಕದ ಕಾರ್ಡುಗಳ ಜೊತೆ ಇನ್ನೊಂದು ಜಾತಿಯ ಕಾರ್ಡು ಇರುತ್ತಿತ್ತು. ಅದರ ಮೇಲೆ ಪುಸ್ತಕದ ಹೆಸರಿಲ್ಲ, ಬರೀ ಒಂದು ಸಾಲು: 'ಮಳಖೇಡ: ಮಾನ್ಯಖೇಟ ನೋಡಿ'. ಯಾರೋ ಪುಣ್ಯಾತ್ಮರು ಓದುಗ ಯಾವ ಬಾಗಿಲಿಂದ ಬರಬಹುದು ಎಂದು ಮೊದಲೇ ಯೋಚಿಸಿ, ಆ ಬಾಗಿಲಲ್ಲಿ ಒಂದು ಚೀಟಿ ಅಂಟಿಸಿಟ್ಟ ಹಾಗೆ. ಕಂಪ್ಯೂಟರ್ ಬಂದಾಗ ಪುಸ್ತಕದ ಕಾರ್ಡುಗಳೇನೋ ಒಳಗೆ ಹೋದವು. ಈ 'ನೋಡಿ' ಕಾರ್ಡುಗಳನ್ನು ಮಾತ್ರ ಹೊರಗೇ ಬಿಟ್ಟರು.

ಇದಕ್ಕೆ ಹೊಸ ಮಷಿನ್, ದೊಡ್ಡ ಟೆಂಡರ್ ಏನೂ ಬೇಕಿಲ್ಲ. ನಮ್ಮ ಎಷ್ಟೋ ಗ್ರಂಥಾಲಯಗಳಲ್ಲಿ ಓಡುತ್ತಿರುವ ಕೋಹಾ ಎಂಬ ಉಚಿತ ತಂತ್ರಾಂಶದಲ್ಲೇ ಇದಕ್ಕೆ ಜಾಗ ಇದೆ. ನ್ಯೂಜಿಲೆಂಡಿನ ಒಂದು ಗ್ರಾಮೀಣ ಗ್ರಂಥಾಲಯಕ್ಕಾಗಿ ಮಾಡಿದ್ದು ಅದು. 2000ದಿಂದ ಬಳಕೆಯಲ್ಲಿದೆ. ಮಾವೋರಿ ಭಾಷೆಯಲ್ಲಿ ಕೋಹಾ ಅಂದರೆ ಕಾಣಿಕೆ. ಒಂದು ಹೆಸರನ್ನು ಮುಖ್ಯ ಎಂದು ಇಟ್ಟು, ಉಳಿದ ಹೆಸರುಗಳನ್ನು ಅದಕ್ಕೆ ಕಟ್ಟುವ ಕೆಲಸಕ್ಕೆ ಅದರಲ್ಲಿ ಅಥಾರಿಟಿ ಫೈಲ್ ಎನ್ನುತ್ತಾರೆ. ಯಾರಾದರೂ ಕೂತು ತುಂಬಿಸಬೇಕು, ಅಷ್ಟೇ. ತುಂಬಿಸುವವರಿಗೆ ಈ ನೆಲದ ಹೆಸರುಗಳು ಗೊತ್ತಿರಬೇಕು. ಬೆಂಗಳೂರಿನಿಂದ ಬಂದ ಡೇಟಾ ಎಂಟ್ರಿ ಹುಡುಗರಿಗೆ ಸೂಫಿ ಸಂತ ಬಂದೇ ನವಾಜ್ ಮತ್ತು ಗೇಸು ದರಾಜ್ ಒಬ್ಬರೇ ಎಂದು ಹೇಗೆ ಗೊತ್ತಾಗಬೇಕು, ಪಾಪ.

ಅದೇ ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ಕೂತು ಇಂಥ ನಲವತ್ತು ಜೋಡಿ ಹೆಸರು ಬರೆದೆ. ಮರುವಾರ ಹೋಗಿ ಕೌಂಟರಿನಲ್ಲಿ ಕೊಟ್ಟೂ ಬಂದೆ. ಬೀದರ್, ಯಾದಗಿರಿ ಕಡೆಯ ಮೇಷ್ಟ್ರುಗಳು ತಮ್ಮ ಕಡೆಯ ಹೆಸರುಗಳನ್ನು ಸೇರಿಸಿದರೆ ಪಟ್ಟಿ ಇನ್ನೂ ಬೆಳೆಯುತ್ತದೆ. ಗ್ರಂಥಾಲಯದವರು ಕರೆದರೆ ವಾರಕ್ಕೆ ಎರಡು ದಿನ ಪುಕ್ಕಟೆ ಬಂದು ಕೂರಲು ನಾನು ತಯಾರಿದ್ದೇನೆ. ಬಸ್ ಚಾರ್ಜೂ ಬೇಡ.

– ನಿವೃತ್ತ ಶಿಕ್ಷಕ, ಸೇಡಂ, ಕಲಬುರಗಿ ಜಿಲ್ಲೆ