ನವೀಕರಣಕ್ಕೆ ಮಿತಿ ಇರಲಿ

ಮಾನ್ಯ ಸಂಪಾದಕರೇ,

ಶಿಕ್ಷಕರು ತಾವು ಓದದ ವಿಷಯವನ್ನು ಕಲಿಸಲು ಅಮೆರಿಕದ ಹಲವು ರಾಜ್ಯಗಳು ತಾತ್ಕಾಲಿಕ ಅನುಮತಿ ಕೊಡುತ್ತವೆ. ಕ್ಯಾಲಿಫೋರ್ನಿಯಾದಲ್ಲಿ ಅದರ ಅವಧಿ 1 ವರ್ಷ. ಒಂದು ವಿಷಯಕ್ಕೆ ಒಟ್ಟು 3 ವರ್ಷವಷ್ಟೇ. ನವೀಕರಣ ಬೇಕೆಂದರೆ ಆ ವಿಷಯದಲ್ಲಿ 6 ಕ್ರೆಡಿಟ್‌ಗಳ ಕಾಲೇಜು ವ್ಯಾಸಂಗ ಮುಗಿಸಿರಬೇಕು, ಇಲ್ಲವೇ ಪರೀಕ್ಷೆಗೆ ಕುಳಿತಿರಬೇಕು. ಶಿಕ್ಷಕರ ಕೊರತೆಯ ನೆಪದಲ್ಲಿ ಇಂತಹ ಮಿತಿಗಳನ್ನು ತೆಗೆಯುವುದನ್ನು ನಾನು ಒಪ್ಪುವುದಿಲ್ಲ. ನನ್ನ ಮಗನಿಗೆ ಬೀಜಗಣಿತ ಕಲಿಸಿದವರು ಇತಿಹಾಸದ ಶಿಕ್ಷಕಿ. ಪಾಪ, ರಾತ್ರಿಯೆಲ್ಲ ಓದಿಕೊಂಡು ಬರುತ್ತಿದ್ದರು. ಮಕ್ಕಳು ‘ಯಾಕೆ’ ಎಂದರೆ ಮಾತ್ರ ತಡವರಿಸುತ್ತಿದ್ದರು. ತಪ್ಪು ಅವರದಲ್ಲ. ಅವರ ವ್ಯಾಸಂಗದ ಶುಲ್ಕವನ್ನು ರಾಜ್ಯವೇ ಭರಿಸಲಿ, ಗಡುವು ಮಾತ್ರ ಹಾಗೆಯೇ ಇರಲಿ.

— ಕನ್ನಡಿಗ ಪೋಷಕ, ಕ್ಯಾಲಿಫೋರ್ನಿಯಾ